ಆಟವೂ ಬುದ್ಧಿಪರೀಕ್ಷೆಯೂ

ಚಿನ್ನದ ಗುಣವನ್ನು ಒರೆಗಲ್ಲಿನಿಂದ ತಿಳಿಯುವಂತೆ, ಮಕ್ಕಳ ಅವಧಾನ, ಧಾರಣ, ತರ್ಕ ಮೊದಲಾದ ಶಕ್ತಿಗಳನ್ನು ಯಾವದಾದರೊಂದು ಉಪಾಯದಿಂದ ಅರಿತುಕೊಳ್ಳಬೇಕೆಂಬ ಆಶೆಯು ಗುರುಗಳಿಗೂ ತಾಯಿತಂದೆಗಳಿಗೂ ಎಲ್ಲ ಕಾಲದಲ್ಲಿಯೂ ಇದ್ದದ್ದೇ. ಆದರೆ ಚಿನ್ನಕ್ಕೂ ಮಗುವಿಗೂ ಒಂದು ಭೇದವುಂಟು. ಚಿನ್ನವು ಒರೆಗಲ್ಲಿಗೆ ಅಂಜುವದಿಲ್ಲ, ಬೇಸರಪಡುವದೂ ಇಲ್ಲ. ಮಗುವು ಅಂಜುತ್ತದೆ, ಬೇಗನೆ ಬೇಸರಪಡುತ್ತದೆ. ಅಂಜಿದ ಮಗುವಿನ ಉತ್ತರದಲ್ಲಿ ಕಾಣುವದು ಅದರ ಅಂಜಿಕೆಯ ಅಳತೆಯೇ ಹೊರತು ಬುದ್ಧಿಯ ಅಳತೆಯಾಗಲಾರದು. ಈ ತೊಡಕನ್ನು ಬಿಡಿಸಲಿಕ್ಕೆ ಬಲ್ಲವರು ಹಿಂದಿನಿಂದಲೂ ಆಟವನ್ನು ಆಶ್ರಯಿಸಿದ್ದಾರೆ. ಆಟವು ಎಲ್ಲಿಯವರೆಗೆ ಈ ಕಾರ್ಯಕ್ಕೆ ಒದಗಿತು, ಎಲ್ಲಿ ಸೋತಿತು ಎಂಬದನ್ನು ಕನ್ನಡ ನಾಡಿನ ನಿದರ್ಶನಗಳಿಂದ ತೋರಿಸುವದೇ ಈ ಲೇಖದ ಉದ್ದೇಶವಾಗಿದೆ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮವು ಸಂಕೇಶ್ವರ, ನಿಪ್ಪಾಣಿಗಳ ನಡುವೆ ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ಇದು ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಸೀಮೆ. ಇಂಥ ಊರುಗಳಲ್ಲಿ ಇಬ್ಬರು ಹುಡುಗರು ಕಟ್ಟೆಯ ಮೇಲೆ ಗೆರೆ ಎಳೆದು ಹುಲಿ-ಕುರಿ ಆಡಲಿಕ್ಕೆ ಕುಳಿತರೆ, ಅವರ ಮನೆಮಾತು ಯಾವದೆಂಬ ಪ್ರಶ್ನೆಯೇ ಹುಟ್ಟುವದಿಲ್ಲ. ಕೆಲವೇ ಹುಲಿಗಳು ಬಹುಸಂಖ್ಯೆಯ ಕುರಿಗಳನ್ನು ಹಾರಿ ಹೊಡೆಯಬೇಕು; ಕುರಿಗಳು ಒಗ್ಗಟ್ಟಿನಿಂದ ಹುಲಿಯ ದಾರಿಯನ್ನು ಕಟ್ಟಬೇಕು. ಎರಡು ನಡೆ ಮುಂದಿನದನ್ನು ಮನಸ್ಸಿನಲ್ಲಿಯೇ ಕಾಣಬಲ್ಲವನು ಗೆಲ್ಲುವನು. ಅಳಗುಳಿಮಣೆಯ ೧೪ ಗುಳಿಗಳಲ್ಲಿ ಹುಣಸೆಬೀಜವನ್ನು ಹಂಚುತ್ತ ಹೋಗುವ ಹುಡುಗಿಯು, ಕೊನೆಯ ಬೀಜವು ಎಲ್ಲಿ ಬೀಳುವದೆಂಬದನ್ನು ಕೈ ಎತ್ತುವ ಮೊದಲೇ ಎಣಿಸಿರುತ್ತಾಳೆ. ಚೌಕಾಬಾರದಲ್ಲಿ ಕವಡೆಯ ಗರವು ದೈವಾಧೀನವಾದರೂ ಯಾವ ಕಾಯನ್ನು ನಡೆಯಿಸಬೇಕೆಂಬದು ವಿವೇಕಾಧೀನವಾದುದು. ಅದೇ ಮಕ್ಕಳನ್ನು ಪರೀಕ್ಷೆಯ ಕಾಗದದ ಮುಂದೆ ಕೂಡ್ರಿಸಿದರೆ ಮಾತೇ ಮೊದಲನೆಯ ತಡೆಯಾಗುವದು. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆಟವು ಕೇವಲ ಕಾಲಹರಣದ ಸಾಧನವೆಂಬ ಭಾವನೆಯು ಕನ್ನಡ ನಾಡಿನ ಹಿಂದಿನ ವಿದ್ವಾಂಸರಿಗೆ ಇದ್ದಂತೆ ತೋರುವದಿಲ್ಲ. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ 'ಮಾನಸೋಲ್ಲಾಸ'ವು ರಾಜನೀತಿ, ವೈದ್ಯ, ಪಾಕ, ಸಂಗೀತ ಮೊದಲಾದುವನ್ನೆಲ್ಲ ಒಳಕೊಂಡ ಮಹಾಕೋಶವಾಗಿದೆ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಅದು ವಿಭಾಗಿಸಲ್ಪಟ್ಟಿದೆ. ಅವುಗಳಲ್ಲಿ ನಾಲ್ಕನೆಯದು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲಾಗಿದ್ದು, ಚದುರಂಗ, ಪಗಡೆ, ಕವಡೆಯಾಟಗಳು ಅಲ್ಲಿ ನಿರೂಪಿತವಾಗಿವೆ. ಅಂದರೆ ಅರಸನಿಗೆ ಬೇಕಾದ ಅರಿವಿನ ಐದರಲ್ಲಿ ಎರಡು ಪಾಲನ್ನು ಅರಸನೇ ವಿನೋದ-ಕ್ರೀಡೆಗಳಿಗೆ ಬಿಟ್ಟುಕೊಟ್ಟಂತಾಯಿತು. ಅದಕ್ಕಿಂತ ಪೂರ್ವದಲ್ಲಿ, ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಹರಿದು ಚೆಲ್ಲಿದ ಮುತ್ತಿನ ಹಾರ ಮುಂತಾದ ರಮ್ಯವಾದ ಪ್ರಸಂಗಗಳನ್ನು ಕಲ್ಪಿಸಿ ಲೆಕ್ಕಗಳನ್ನು ಹೇಳಿದ್ದಾನೆ. ವಾತ್ಸ್ಯಾಯನನ ಅರವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ಪ್ರಹೇಲಿಕೆ ಅಂದರೆ ಒಗಟು, ಪ್ರತಿಮಾಲಾ ಅಂದರೆ ಅಂತ್ಯಾಕ್ಷರಿ, ಧಾರಣಮಾತೃಕಾ ಅಂದರೆ ನೆನಪಿನ ವಿದ್ಯೆ, ಇವು ಮೂರೂ ದ್ಯೂತಾದಿ ಕ್ರೀಡೆಗಳ ಪಂಕ್ತಿಯಲ್ಲಿಯೇ ಕುಳಿತಿವೆ.

ವೇದಪಾಠಶಾಲೆಗಳಲ್ಲಿ ಪದ, ಕ್ರಮ, ಜಟೆ, ಘನ ಎಂಬ ಪಾಠಗಳಿರುವದು ಸರ್ವರಿಗೂ ವಿದಿತವಾದುದೇ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಪದಗಳು ಹೆಣೆದುಕೊಳ್ಳುತ್ತವೆ. ಘನದಲ್ಲಿ ಮೂರನೆಯ ಪದವೂ ಸೇರಿ ಹೆಣಿಕೆಯು ಇನ್ನೂ ಬಿಗಿಯಾಗುತ್ತದೆ. ಒಂದಕ್ಷರ ಜಾರಿದರೆ ಹೆಣಿಕೆಯೇ ಅದನ್ನು ಬಯಲಿಗೆ ತರುವದು. ಇಲ್ಲಿ ಅಭ್ಯಾಸವೂ ಪರೀಕ್ಷೆಯೂ ಬೇರೆಬೇರೆಯಾಗಿಲ್ಲ. ಆದರೆ ಇದನ್ನು ಆಟವೆನ್ನಲಾಗದು. ಇದು ಶ್ರದ್ಧೆಯ ವಿಷಯ. ಸಂಜೆ ಪಾಠ ಮುಗಿದ ಮೇಲೆ ಅದೇ ಹುಡುಗರು ಎರಡು ಪಂಗಡಗಳಾಗಿ ಶ್ಲೋಕಗಳ ಅಂತ್ಯಾಕ್ಷರಿಗೆ ಕೂಡುವದು ನಿಜವಾದ ಆಟ. ಬೆಳಿಗ್ಗೆ ಗುರುವಿನ ಅಂಜಿಕೆಯಿಂದ ಹತ್ತು ಶ್ಲೋಕಗಳನ್ನು ಒಲ್ಲದ ಮನಸ್ಸಿನಿಂದ ಒಪ್ಪಿಸುವ ಹುಡುಗನು ಸಂಜೆಗೆ ತನ್ನ ಪಂಗಡದ ಮಾನಕ್ಕಾಗಿ ಇಪ್ಪತ್ತನ್ನು ಹುಡುಕಿ ತೆಗೆಯುವನು.

ಈ ಎರಡೂ ಧಾರೆಗಳು ಕೂಡಿ ಪರಿಪೂರ್ಣವಾದ ರೂಪವನ್ನು ತಾಳಿದ್ದು ಅವಧಾನಕಲೆಯಲ್ಲಿ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು ಅವಧಾನಿಯನ್ನು ಸುತ್ತುವರಿದು ಕುಳ್ಳಿರುತ್ತಾರೆ. ಒಬ್ಬನು ಪದ್ಯದ ಒಂದೊಂದು ಅಕ್ಷರವಾದ ಮೇಲೆಯೂ ಮುಂದೆ ಬರಬಾರದ ಅಕ್ಷರವನ್ನು ನಿಷೇಧಿಸುವನು. ಇನ್ನೊಬ್ಬನು ಅಸಂಬದ್ಧವೆಂದು ತೋರುವ ಸಮಸ್ಯೆಯ ಪಾದವನ್ನು ಕೊಟ್ಟು ಪೂರೈಸೆನ್ನುವನು. ಮತ್ತೊಬ್ಬನು ಪರಕೀಯವಾದ ನಾಲ್ಕು ಪದಗಳನ್ನು ಕೊಟ್ಟು ನಾಲ್ಕು ಪಾದಗಳಲ್ಲಿ ಹೊಂದಿಸೆನ್ನುವನು. ಸಂಖ್ಯಾಬಂಧದವನು ಚೌಕದ ಮನೆಗಳನ್ನು ಅಡ್ಡಾದಿಡ್ಡಿಯಾಗಿ ಕೇಳುತ್ತಿರುವನು. ಅವಧಾನಿಯು ಹೇಳಿದ ಅಂಕಿಗಳೆಲ್ಲ ತುಂಬಿದ ಮೇಲೆ ಅಡ್ಡ ಸಾಲು, ಉದ್ದ ಸಾಲುಗಳ ಮೊತ್ತವು ಒಂದೇ ಆಗಬೇಕು. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗಿಯು ಬೇಕೆಂತಲೇ ಹರಟೆಯನ್ನು ತೆಗೆದು ಅವಧಾನಿಯ ಚಿತ್ತವನ್ನು ಚದರಿಸಲಿಕ್ಕೆ ಯತ್ನಿಸುವನು. ಅವನಿಗೂ ಸರಸವಾದ ಉತ್ತರವನ್ನು ಕೊಡಬೇಕು. ಒಂದೊಂದು ಸುತ್ತಿನಲ್ಲಿ ಒಂದೊಂದು ಪಾದದಂತೆ ಪದ್ಯಗಳು ಬೆಳೆದು, ಕೊನೆಗೆ ಕಾಗದದ ಸಹಾಯವಿಲ್ಲದೆ ಅವುಗಳನ್ನು ಧಾರಣೆಯಿಂದ ಪೂರ್ತಿಯಾಗಿ ಒಪ್ಪಿಸಬೇಕು.

ಈಗಿನ ಮನಃಶಾಸ್ತ್ರಜ್ಞರ ಕಣ್ಣಿನಿಂದ ನೋಡಿದರೆ, ಅವಧಾನವನ್ನು ಹಂಚುವ ಶಕ್ತಿ, ವಿಘ್ನವನ್ನು ತಡೆಯುವ ಶಕ್ತಿ, ಕೆಲಸದ ನಡುವೆ ನೆನಪನ್ನು ಹಿಡಿದಿರುವ ಶಕ್ತಿ, ತಡೆದು ಕೇಳಿದಾಗ ನೆನೆಯುವ ಶಕ್ತಿ, ಇವೆಲ್ಲವುಗಳ ಪರೀಕ್ಷೆಯು ಇಲ್ಲಿ ಒಂದೇ ಸಭೆಯಲ್ಲಿ ನಡೆಯುವದು. ಆದರೂ ಸಭಿಕರಿಗೆ ಇದು ಪರೀಕ್ಷೆಯೆಂದು ತೋರದೆ ರಸದೌತಣವೆಂದು ತೋರುವದು. ಶತಾವಧಾನಿ ಆರ್. ಗಣೇಶರು ೨೦೧೨ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಯಿಸಿದಾಗ ಈ ಕಲೆಯು ಜೀವಂತವಾಗಿದೆಯೆಂಬದು ಜನರಿಗೆ ಪ್ರತ್ಯಕ್ಷವಾಯಿತು. ಒಂದು ಕೊರತೆಯನ್ನು ಮಾತ್ರ ಮುಚ್ಚಬಾರದು. ಅವಧಾನವು ಅಸಾಧಾರಣನ ಪರೀಕ್ಷೆ. ಓಣಿಯ ಸಾಮಾನ್ಯ ಮಗುವಿನ ಬುದ್ಧಿಯನ್ನು ತಿಳಿಯಲಿಕ್ಕೆ ಅದು ಒದಗಲಾರದು.

ಆಟಗಳ ರಚನೆಯನ್ನೇ ಶಾಸ್ತ್ರವಾಗಿ ಕೈಕೊಂಡವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮). ೧೮೩೧ರಲ್ಲಿ ಆಂಗ್ಲರು ರಾಜ್ಯಾಡಳಿತವನ್ನು ಕಿತ್ತುಕೊಂಡ ಮೇಲೆ ಸಿಂಹಾಸನವಿದ್ದೂ ಅಧಿಕಾರವಿಲ್ಲದ ಆ ಅರಸರು ತಮ್ಮ ದೀರ್ಘಾಯುಷ್ಯವನ್ನು ವಿದ್ಯಾವಿನೋದಗಳಲ್ಲಿ ಸಾರ್ಥಕಪಡಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಅನೇಕ ಆಟಗಳ ವಿವರಣೆಯಿದೆ. ದಶಾವತಾರ ಗಂಜೀಫಾದಲ್ಲಿ ಸಾಮಾನ್ಯವಾಗಿ ೧೨೦ ಎಲೆಗಳಿದ್ದರೆ, ಒಡೆಯರ ಆಟಗಳು ೩೬ ಎಲೆಗಳಿಂದ ಮೊದಲಾಗಿ ೩೬೦ ಎಲೆಗಳವರೆಗೆ ಏರುತ್ತವೆ. ಬಿದ್ದ ಎಲೆಗಳನ್ನು ನೆನಪಿಟ್ಟವನಿಗೇ ಗಂಜೀಫಾದಲ್ಲಿ ಜಯವು ಸುಲಭ. ಎಲೆಗಳು ಹೆಚ್ಚಿದಂತೆ ನೆನಪಿನ ಭಾರವೂ ಹೆಚ್ಚುವದು. ಸುಲಭದಿಂದ ಕಠಿಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಈ ಕ್ರಮವನ್ನೇ ಮುಂದೆ ಬುದ್ಧಿಪರೀಕ್ಷಕರೂ ಅನುಸರಿಸಿದರು.

ಚದುರಂಗದ ಕುದುರೆಯು ಅರವತ್ತುನಾಲ್ಕು ಮನೆಗಳನ್ನೂ ಒಂದೊಂದೇ ಸಾರೆ ತುಳಿಯಬೇಕೆಂಬ ತುರಗಗತಿಯ ಸಮಸ್ಯೆಯಲ್ಲಿಯೂ ಒಡೆಯರು ಪ್ರವೀಣರಾಗಿದ್ದರು. ೯ನೆಯ ಶತಮಾನದ ರುದ್ರಟನು 'ಕಾವ್ಯಾಲಂಕಾರ'ದಲ್ಲಿ ತುರಗಪದವನ್ನು ಚಿತ್ರಕಾವ್ಯವಾಗಿ ತೋರಿಸಿದ್ದನು. ಒಡೆಯರು ಮನೆಮನೆಗೆ ಒಂದೊಂದು ಅಕ್ಷರವನ್ನಿಟ್ಟು, ಕುದುರೆಯು ನಡೆದ ಕ್ರಮದಲ್ಲಿ ಓದಿದರೆ ಶ್ಲೋಕವಾಗುವಂತೆ ಬಂಧಗಳನ್ನು ರಚಿಸಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಇಂಥ ಹಳೆಯ ಹಾಸುಗಳನ್ನು ಪುನಃ ಮಾಡಿಸಿ 'ಕ್ರೀಡಾಕೌಶಲ್ಯ' ಎಂಬ ಹೆಸರಿನಿಂದ ಪ್ರದರ್ಶಿಸಿ, ಮನೆಗಳಲ್ಲಿ ಮತ್ತೆ ಆಡುವಂತೆ ಮಾಡಿದುದು ಸ್ತುತ್ಯವಾದ ಕಾರ್ಯವಾಗಿದೆ.

ಇದೇ ಶತಮಾನದಲ್ಲಿ ಯುರೋಪ ಖಂಡದಲ್ಲಿ ಆಟಿಕೆಗಳು ಪರೀಕ್ಷೆಯ ಕೊಠಡಿಯನ್ನು ಪ್ರವೇಶಿಸಲು ಹವಣಿಸುತ್ತಿದ್ದವು. ಫ್ರಾನ್ಸಿನ ಸೆಗೆನ್ ಎಂಬ ವೈದ್ಯನು ಮಂದಗತಿಯ ಮಕ್ಕಳಿಗೆ ಕಲಿಸುವದಕ್ಕಾಗಿ ಮರದ ಹಲಗೆಯಲ್ಲಿ ಬೇರೆಬೇರೆ ಆಕಾರದ ತಗ್ಗುಗಳನ್ನು ಕೊರೆದು, ಅವುಗಳಿಗೆ ತಕ್ಕ ತುಂಡುಗಳನ್ನು ಹೊಂದಿಸುವ ಸಾಧನವನ್ನು ಬಳಸಿದನು. ಕಲಿಸಲಿಕ್ಕೆ ಹುಟ್ಟಿದ ಆ ಹಲಗೆಯೇ ಮುಂದೆ ಅಳೆಯುವ ಹಲಗೆಯಾಯಿತು. ೧೮೮೩ರಲ್ಲಿ ಲ್ಯುಕಾ ಎಂಬ ಗಣಿತಜ್ಞನು ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ ಆಟಿಕೆಯನ್ನು ಪೇಟೆಗೆ ತಂದನು. ಕಾಶಿಯ ದೇವಾಲಯದಲ್ಲಿ ೬೪ ಬಂಗಾರದ ಬಿಲ್ಲೆಗಳನ್ನು ಅರ್ಚಕರು ಹೀಗೆಯೇ ಸಾಗಿಸುತ್ತಿರುವರೆಂಬ ಕಟ್ಟುಕಥೆಯೂ ಅದಕ್ಕೆ ಅಂಟಿಕೊಂಡಿತು. ಕಾಶಿಯಲ್ಲಿ ಇಲ್ಲದ ಆ ಗೋಪುರವು, ಬಣ್ಣದ ಮಣಿಗಳ ಇನ್ನೊಂದು ರೂಪವನ್ನು ತಾಳಿ, ೨೦೦೪ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಕಟಿಸಿದ ಮೆದುಳಿನ ಪರೀಕ್ಷಾಮಾಲೆಯಲ್ಲಿ ಸೇರಿ, ಯೋಜನಾಶಕ್ತಿಯನ್ನು ಅಳೆಯಲು ನಿಜವಾಗಿಯೂ ಭಾರತಕ್ಕೆ ಬಂದಿತು.

ಬುದ್ಧಿಪರೀಕ್ಷೆಗೆ ಶಾಸ್ತ್ರರೂಪವನ್ನು ಕೊಟ್ಟವನು ಪ್ಯಾರಿಸಿನ ಆಲ್ಫ್ರೆಡ್ ಬಿನೆ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವ ಕೆಲಸವನ್ನು ಸರಕಾರವು ೧೯೦೪ರಲ್ಲಿ ಒಂದು ಮಂಡಲಿಗೆ ಒಪ್ಪಿಸಿತು. ಮರುವರ್ಷ ಬಿನೆಯೂ ಸಿಮೋನನೂ ೩೦ ಪ್ರಶ್ನೆಗಳ ಮಾಪನವನ್ನು ಹೊರಗೆಡವಿದರು. ಮೂಗು, ಕಣ್ಣು, ಬಾಯಿಗಳನ್ನು ತೋರಿಸುವದು, ಅಂಕಿಗಳನ್ನು ಕೇಳಿ ತಿರುಗಿ ಹೇಳುವದು, ಚಿತ್ರವನ್ನು ನೋಡಿ ವರ್ಣಿಸುವದು, ತೂಕಗಳನ್ನು ಹೋಲಿಸುವದು, ಇಂಥ ಪ್ರಶ್ನೆಗಳು ಮಕ್ಕಳ ಆಟಕ್ಕೆ ಸಮೀಪವಾದವುಗಳು. ಬುದ್ಧಿಯು ಬದಲಾಗದ ಗಟ್ಟಿವಸ್ತುವೆಂಬ ನಿರಾಶೆಯ ಮತವನ್ನು ಬಿನೆಯು ೧೯೦೯ರಲ್ಲಿ ಖಂಡಿಸಿ, ಮನಸ್ಸಿಗೂ ವ್ಯಾಯಾಮವುಂಟೆಂದು ಪ್ರತಿಪಾದಿಸಿದನು. ಅವನು ವರ್ಣಿಸಿದ ವ್ಯಾಯಾಮಗಳೆಲ್ಲ ಆಟಗಳೇ. ಪ್ರತಿಮೆಯಂತೆ ಅಲುಗದೆ ನಿಲ್ಲುವದು, ನೀರು ತುಂಬಿದ ಪಾತ್ರೆಯನ್ನು ಚೆಲ್ಲದೆ ಒಯ್ಯುವದು, ಕ್ಷಣಕಾಲ ತೋರಿಸಿ ಮುಚ್ಚಿದ ವಸ್ತುಗಳನ್ನು ನೆನೆದು ಹೇಳುವದು. ಅಳೆಯುವವನೇ ಬೆಳೆಯಿಸುವ ದಾರಿಯನ್ನೂ ಹುಡುಕಿದ್ದು ಅವನ ದೊಡ್ಡಸ್ತಿಕೆ. ಅವನು ೧೯೧೧ರಲ್ಲಿ ತೀರಿಕೊಂಡನು. ಅವನ ಮಾಪನವು ಲೋಕವನ್ನೆಲ್ಲ ಸುತ್ತಿತು. ಅವನ ಎಚ್ಚರಿಕೆಯು ಅಷ್ಟು ದೂರ ಹೋಗಲಿಲ್ಲ.

ಕನ್ನಡ ನಾಡಿನಲ್ಲಿ ಈ ಹೊಸ ಶಾಸ್ತ್ರಕ್ಕೆ ನೆಲೆ ದೊರೆತದ್ದು ಮೈಸೂರಿನಲ್ಲಿ. ಲಂಡನ್ನಿನಲ್ಲಿ ಸ್ಪಿಯರ್ಮನ್ ಪಂಡಿತನ ಕೈಕೆಳಗೆ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ವಿಭಾಗವನ್ನು ಆರಂಭಿಸಿದರು. ೧೯೩೫ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಬಿತ್ತರಿಸಿದವರೂ ಇವರೇ. ಕೈಯನ್ನು ಮರೆಮಾಡಿ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಆಕೃತಿಯ ಗೆರೆಯನ್ನು ತೀಡುವ ಪ್ರಯೋಗದ ಮೇಲೆ ಇವರು ಸಂಶೋಧನೆ ನಡೆಯಿಸಿದ್ದರು. ಎಡವು ಬಲವಾಗಿ, ಬಲವು ಎಡವಾಗಿ ಕೈಯು ತಪ್ಪುವದನ್ನು ಕಂಡು ನೋಡುವವರು ನಗುವರು, ಆಡುವವನೂ ನಗುವನು. ಆದರೆ ತಪ್ಪುಗಳ ಎಣಿಕೆಯಿಂದಲೂ ಹಿಡಿದ ವೇಳೆಯಿಂದಲೂ ಕಲಿಯುವ ಶಕ್ತಿಯು ಅಳೆಯಲ್ಪಡುವದು.

ಹುಕ್ಕೇರಿಯ ಸೀಮೆಗೆ ಹೆಚ್ಚು ಸಮೀಪವಾದ ಕಾರ್ಯವು ವಿ. ವಿ. ಕಾಮತರದು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಯಲ್ಲಿತ್ತು. ಅಲ್ಲಿಯ ಶಾಲೆಗಳಲ್ಲಿ ಕನ್ನಡದ ಮಕ್ಕಳೂ ಮರಾಠಿಯ ಮಕ್ಕಳೂ ಇದ್ದರು. ಬಿನೆಯ ಮಾಪನವನ್ನು ಈ ಎರಡೂ ಭಾಷೆಗಳ ಮಕ್ಕಳಿಗೆ ಒಪ್ಪುವಂತೆ ಕಾಮತರು ಪರಿಷ್ಕರಿಸಿ, ಅದರ ವೃತ್ತಾಂತವನ್ನು ೧೯೩೪ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಃಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೪೦ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಆಂಗ್ಲ ಗ್ರಂಥವು ಹೊರಬಿದ್ದಿತು. ಬಿನೆ-ಕಾಮತ ಪರೀಕ್ಷೆಯೆಂದು ಹೆಸರಾದ ಇದು ಮುಂದೆ ದಶಕಗಳವರೆಗೆ ಭಾರತದ ಚಿಕಿತ್ಸಾಲಯಗಳಲ್ಲಿ ಬಳಕೆಯಾಯಿತು.

ಈ ಕಾರ್ಯದ ಮಹತ್ವವು ಭಾಷಾಂತರದಲ್ಲಿ ಮಾತ್ರ ಇಲ್ಲ. ಪ್ಯಾರಿಸಿನ ಮಗುವಿಗೆ ದಿನಬಳಕೆಯಾದ ವಸ್ತುವು ಚಿಕ್ಕೋಡಿಯ ಮಗುವಿಗೆ ಕೇಳರಿಯದ್ದಾಗಿರಬಹುದು. ಕೇಳರಿಯದ ವಸ್ತುವಿನ ಪ್ರಶ್ನೆಗೆ ಮಗುವು ಸುಮ್ಮನೆ ಕುಳಿತರೆ ದಡ್ಡತನವೆಂದು ಬರೆದುಕೊಳ್ಳುವದು ಅನ್ಯಾಯವಲ್ಲವೇ? ಪರೀಕ್ಷೆಯ ಕೊನೆಯಲ್ಲಿ ಬರುವದು ಒಂದು ಅಂಕಿ. ಆ ಅಂಕಿಯ ಮೇಲಿಂದ ಮಗುವನ್ನು ಎಲ್ಲರೊಡನೆ ಓದಿಸಬೇಕೋ ಬೇರೆ ಶಾಲೆಗೆ ಕಳಿಸಬೇಕೋ ಎಂಬದು ನಿಶ್ಚಿತವಾಗುವದು. ತಾಯಿಯು ಮಗುವನ್ನು ನೋಡುವ ದೃಷ್ಟಿಯೂ ಅಂದಿನಿಂದ ಬದಲಾಗುವದು. ಆದುದರಿಂದ ಪರೀಕ್ಷೆಯ ಒಂದೊಂದು ಪ್ರಶ್ನೆಯೂ ಮಗುವಿಗೆ ತನ್ನದೆಂದು ತೋರುವಂತಿರಬೇಕೆಂಬದು ಅಲಂಕಾರದ ಮಾತಲ್ಲ, ನ್ಯಾಯದ ಮಾತು.

ಮಾತಿನ ತಡೆಯನ್ನು ಪೂರ್ತಿಯಾಗಿ ದಾಟಲು ಮತ್ತೆ ಆಟಿಕೆಗಳೇ ಬೇಕಾದವು. ೧೯೫೫ರಲ್ಲಿ ಉತ್ತರ ಪ್ರದೇಶದ ಸಿ. ಎಂ. ಭಾಟಿಯಾ ಅವರು ಬಣ್ಣದ ಘನಗಳನ್ನು ಜೋಡಿಸುವದು, ಪೆಟ್ಟಿಗೆಯೊಳಗಿನ ತುಂಡುಗಳನ್ನು ಎತ್ತದೆ ಸರಿಸಿ ಸ್ಥಳ ಬದಲಿಸುವದು, ಚಿತ್ರದ ಚೂರುಗಳನ್ನು ಕೂಡಿಸುವದು ಮೊದಲಾದ ಐದು ಕೃತ್ಯಗಳ ಪರೀಕ್ಷಾಮಾಲೆಯನ್ನು ಪ್ರಕಟಿಸಿದರು. ಅಕ್ಷರ ಬಲ್ಲವರಿಗೂ ಬಾರದವರಿಗೂ ಅದು ಸಲ್ಲುವಂತಿತ್ತು. ೧೯೭೧ರಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಸೆಗೆನ್ ಹಲಗೆಗೆ ಭಾರತೀಯ ಮಕ್ಕಳ ಪ್ರಮಾಣಗಳು ಪ್ರಕಟವಾದವು. ಕಿವಿ ಕೇಳದ, ಮಾತು ಬಾರದ ಮಗುವು ಕೂಡ ತುಂಡನ್ನು ತಗ್ಗಿನಲ್ಲಿ ಕೂಡ್ರಿಸಿ, ತನ್ನಲ್ಲಿ ಬುದ್ಧಿಯಿದೆಯೆಂದು ಕೈಯಿಂದಲೇ ಹೇಳಬಲ್ಲದು.

ಗಣಕಯಂತ್ರಗಳು ಬಂದ ಮೇಲೆ ಈ ಹಳೆಯ ವಿಚಾರಕ್ಕೆ ಹೊಸ ವೇಷವು ದೊರೆಯಿತು. ಪರದೆಯ ಮೇಲಿನ ಚುಕ್ಕೆಗೆ ಗುಂಡಿಯೊತ್ತುವ ಬೇಸರದ ಪರೀಕ್ಷೆಗಳಿಗೆ ಅಂಕಗಳನ್ನೂ ಕಥೆಗಳನ್ನೂ ಮೆಟ್ಟಿಲುಗಳನ್ನೂ ಕೂಡಿಸಿ ಆಟಗಳನ್ನಾಗಿ ಮಾಡಲಾಯಿತು. ೨೦೧೩ರಲ್ಲಿ ಅಮೇರಿಕೆಯ ವಿದ್ವಾಂಸರು ೬೦ರಿಂದ ೮೫ ವಯಸ್ಸಿನ ವೃದ್ಧರಿಗೆ, ಬಂಡಿಯನ್ನು ಓಡಿಸುತ್ತ ಸಂಕೇತಗಳಿಗೆ ಉತ್ತರಿಸುವ ಆಟವನ್ನು ಒಂದು ತಿಂಗಳಲ್ಲಿ ಒಟ್ಟು ೧೨ ತಾಸು ಆಡಿಸಿ, ಅವರ ಅವಧಾನವು ಸುಧಾರಿಸಿತೆಂದು ವರದಿ ಮಾಡಿದರು. ೨೦೧೬ರಲ್ಲಿ ಹೊರಬಂದ ಕಡಲಯಾನದ ಆಟವೊಂದನ್ನು ೪೦ ಲಕ್ಷಕ್ಕೂ ಹೆಚ್ಚು ಜನರು ಆಡಿ, ದಾರಿಯನ್ನು ಗುರುತಿಸುವ ಶಕ್ತಿಯ ಬಗೆಗೆ ಶಾಸ್ತ್ರಜ್ಞರಿಗೆ ಅಪಾರವಾದ ಸಾಮಗ್ರಿಯನ್ನು ಒದಗಿಸಿದರು. ೨೦೨೦ರಲ್ಲಿ ಅಮೇರಿಕೆಯ ಔಷಧನಿಯಂತ್ರಕರು ಅವಧಾನದ ಕೊರತೆಯಿರುವ ೮ರಿಂದ ೧೨ ವರ್ಷದ ಮಕ್ಕಳಿಗಾಗಿ ಒಂದು ಆಟವನ್ನು ವೈದ್ಯರ ಚೀಟಿಯ ಮೇಲೆ ಕೊಡಲು ಅನುಮತಿಯಿತ್ತರು.

ಆದರೆ ಇಲ್ಲಿಯೇ ಎಚ್ಚರವು ಬೇಕು. ಬಿನೆಯ ಕಾಲದಿಂದಲೂ ಅಂಕಿಗಳನ್ನು ಕೇಳಿ ತಿರುಗಿ ಹೇಳುವದು ನೆನಪಿನ ಅಳತೆಯಾಗಿದೆ. ಸಾಧಾರಣ ಪ್ರೌಢನು ಸುಮಾರು ಏಳು ಅಂಕಿಗಳನ್ನು ಹೇಳಬಲ್ಲನು. ೧೯೮೦ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಬ್ಬ ವಿದ್ಯಾರ್ಥಿಯು ಸುಮಾರು ೨೩೦ ತಾಸುಗಳ ಅಭ್ಯಾಸದಿಂದ ೭೯ ಅಂಕಿಗಳನ್ನು ಒಪ್ಪಿಸಿದನು. ನೋಡಿದವರು ಅವನ ಸ್ಮರಣಶಕ್ತಿಯೇ ಹತ್ತುಪಟ್ಟು ಬೆಳೆಯಿತೆಂದು ತಿಳಿಯಬಹುದಾಗಿತ್ತು. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನು ಮೊದಲಿನಂತೆ ಆರಕ್ಕೇ ನಿಂತನು. ಬೆಳೆದದ್ದು ಅಂಕಿಗಳನ್ನು ಕಟ್ಟಿಡುವ ಯುಕ್ತಿಯೇ ಹೊರತು ನೆನಪಿನ ಬೊಕ್ಕಸವಲ್ಲ. ೧೯೭೩ರ ಇನ್ನೊಂದು ಪ್ರಯೋಗದಲ್ಲಿ, ನಿಜವಾದ ಚದುರಂಗದ ಹೂಟವನ್ನು ಒಮ್ಮೆ ನೋಡಿ ನೆನಪಿನಿಂದ ಇಡಬಲ್ಲ ನಿಪುಣನು, ಕಾಯಿಗಳನ್ನು ಮನಬಂದಂತೆ ಚೆಲ್ಲಿದಾಗ ಹೊಸಬನಿಗಿಂತ ಮೇಲಾಗಿ ತೋರಲಿಲ್ಲ. ಆಟದಲ್ಲಿ ಗಳಿಸಿದ ಜಾಣತನವು ಆಟದಿಂದ ಹೊರಗೆ ಎಷ್ಟು ಬರುವದೆಂಬ ಪ್ರಶ್ನೆಯನ್ನು ಮರೆತ ವ್ಯಾಪಾರಿಗಳೂ ಇದ್ದಾರೆ. ೨೦೧೬ರಲ್ಲಿ ಅಮೇರಿಕೆಯಲ್ಲಿ ಬುದ್ಧಿವರ್ಧಕ ಆಟಗಳನ್ನು ಮಾರುವ ಒಂದು ಸಂಸ್ಥೆಯು ಸಾಕಷ್ಟು ಆಧಾರವಿಲ್ಲದ ಜಾಹೀರಾತುಗಳಿಗಾಗಿ ೨೦ ಲಕ್ಷ ಡಾಲರುಗಳನ್ನು ತೆರಬೇಕಾಯಿತು. ಅದೇ ವರ್ಷ ಇಂಗ್ಲಂಡದ ವಿದ್ವಾಂಸರು ಇಂಥ ಆಟಗಳನ್ನು ಕುರಿತ ಪ್ರಬಂಧಗಳನ್ನೆಲ್ಲ ಕೂಡಿಸಿ ಪರಿಶೀಲಿಸಿದಾಗ, ಆಟದ ರೂಪದಿಂದ ಜನರ ಉತ್ಸಾಹವು ಹೆಚ್ಚುವದೆಂಬದು ಕಂಡುಬಂದಿತು. ಸಾಧನೆಯೂ ಹೆಚ್ಚುವದೆಂಬದಕ್ಕೆ ಮಾತ್ರ ಒಮ್ಮತದ ಪ್ರಮಾಣಗಳು ದೊರೆಯಲಿಲ್ಲ.

ಅಳತೆಯ ವಿಷಯದಲ್ಲಿಯೂ ಒಂದು ಸಂಕಟವುಂಟು. ಬಣ್ಣ, ಸದ್ದು, ಕಥೆಗಳನ್ನು ಅತಿಯಾಗಿ ತುಂಬಿದರೆ ಅವೇ ಅಪ್ರಸ್ತುತ ಪ್ರಸಂಗಿಗಳಾಗಿ ಮಗುವಿನ ಚಿತ್ತವನ್ನು ಸೆಳೆದುಬಿಡುತ್ತವೆ. ಅವಧಾನದ ಸಭೆಯಲ್ಲಿ ವಿಘ್ನವು ಪರೀಕ್ಷೆಯ ಒಂದು ಅಂಗವೆಂದು ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ಪ್ರತ್ಯೇಕವಾದ ಆಸನವೇ ಇದೆ. ಪರದೆಯ ಆಟದಲ್ಲಿ ವಿಘ್ನವು ಅಲಂಕಾರದ ವೇಷದಿಂದ ನುಸುಳಿ ಬಂದರೆ, ಅಳೆದದ್ದು ಬುದ್ಧಿಯನ್ನೋ ಚಾಂಚಲ್ಯವನ್ನೋ ಎಂಬದು ತಿಳಿಯಲಾಗದು. ಮನೆಯಲ್ಲಿ ಇಂಥ ಯಂತ್ರವಿದ್ದು ಕೈ ಪಳಗಿದ ಮಗುವಿಗೂ ಅದನ್ನು ಅಂದೇ ಕಂಡ ಮಗುವಿಗೂ ಒಂದೇ ಮಾಪನವನ್ನು ಹಚ್ಚಿದರೆ, ಕಾಮತರು ಬಿಡಿಸಲು ದುಡಿದ ಅನ್ಯಾಯವೇ ಬೇರೆ ಬಾಗಿಲಿನಿಂದ ತಿರುಗಿ ಬಂದಂತಾಗುವದು.

ಹೀಗೆ ಮಾನಸೋಲ್ಲಾಸದಿಂದ ಈ ಕಾಲದವರೆಗಿನ ಒಂಬತ್ತು ನೂರು ವರ್ಷಗಳ ವೃತ್ತಾಂತವನ್ನು ನೋಡಿದರೆ ಆಟವು ಎರಡು ಕೆಲಸಗಳನ್ನು ನಿಶ್ಚಯವಾಗಿ ಮಾಡಿದೆಯೆಂದು ಹೇಳಬಹುದು. ಅದು ಅಂಜಿಕೆಯನ್ನು ಕಳೆಯಿತು. ಬೇಸರವಿಲ್ಲದೆ ಮತ್ತೆ ಮತ್ತೆ ಅಭ್ಯಾಸಕ್ಕೆ ಎಳೆಯಿತು. ಮೂರನೆಯ ಕೆಲಸವನ್ನು, ಎಂದರೆ ಒಂದು ಆಟದ ಜಾಣ್ಮೆಯನ್ನು ಬಾಳಿನ ಜಾಣ್ಮೆಯನ್ನಾಗಿ ಮಾಡುವದನ್ನು, ಅದು ತಾನಾಗಿಯೇ ಮಾಡಿದ ನಿದರ್ಶನಗಳು ವಿರಳ. ಅದಕ್ಕೆ ಆಟದ ಹೊರಗೆ ಗುರುವು ಬೇಕು, ಮನೆಯು ಬೇಕು, ಬಗೆಬಗೆಯ ಅ‌ಭ್ಯಾಸವು ಬೇಕು.

ಕಣಗಲಾದಂಥ ಗಡಿಯ ಊರಿನ ಮಗುವು ಮನೆಯಲ್ಲಿ ಒಂದು ಮಾತನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಪರದೆಯ ಮೇಲೆ ಮೂರನೆಯದನ್ನೂ ಎದುರಿಸುವ ಕಾಲವಿದು. ಅದರ ಮುಂದೆ ಯಾವ ಮಾಪನವನ್ನು ಇಟ್ಟರೂ, ಇಡುವವರು ಮೊದಲು ಅದರ ಸಂಗಡ ಕಟ್ಟೆಯ ಮೇಲೆ ಕುಳಿತು ಒಂದಾಟ ಹುಲಿ-ಕುರಿ ಆಡಿದರೆ ಒಳ್ಳೆಯದು. ಸೋತು ಎದ್ದ ಪರೀಕ್ಷಕನು ಆ ಮಗುವಿನ ಹೆಸರಿನ ಮುಂದೆ ಅಂಕಿಯನ್ನು ಬರೆಯುವ ಮೊದಲು ಒಂದು ಕ್ಷಣವಾದರೂ ತಡೆಯುವನು.